ಸಂಪ್‌ನಲ್ಲಿ ಮೂರು ಅಡಿ ನೀರಿದೆ, ಮೋಟಾರ್ ಓಡುತ್ತದೆ, ಟ್ಯಾಂಕಿಗೆ ಮಾತ್ರ ನೀರು ಏರುತ್ತಿಲ್ಲ

ಮೂರನೇ ಕ್ರಾಸ್ (ಭಾನುವಾರ, ಬೆಳಗ್ಗೆ 8:10)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದಲ್ಲಿ ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಗೇಟಿನ ಪಕ್ಕ ಸಂಪ್, ಅದರ ಬದಿಯಲ್ಲಿ ಅರ್ಧ ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಮೊನೊಬ್ಲಾಕ್ ಮೋಟಾರ್ (ಪಂಪೂ ಮೋಟಾರೂ ಒಂದೇ ಮೈಯಲ್ಲಿರುವಂಥದ್ದು), ತಾರಸಿಯಲ್ಲಿ ಸಾವಿರ ಲೀಟರಿನ ಕಪ್ಪು ಟ್ಯಾಂಕ್. ಕಾವೇರಿ ನೀರು ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ.

ಹತ್ತು ದಿನಗಳ ಹಿಂದೆ ಸಂಪ್ ತೊಳೆಸಿದೆವು. ಅಂದಿನಿಂದ ಕಾಟ ಶುರುವಾಗಿದೆ. ನೀರು ಬಂದ ದಿನ ಮತ್ತು ಅದರ ಮರುದಿನ ಮೋಟಾರ್ ಚೆನ್ನಾಗಿಯೇ ಎತ್ತುತ್ತದೆ. ಮೂರನೇ ದಿನ ಟ್ಯಾಂಕ್ ಅರ್ಧವೂ ತುಂಬಿರುವುದಿಲ್ಲ, ಮೇಲೆ ನೀರು ಬೀಳುವ ಸದ್ದು ನಿಂತುಹೋಗುತ್ತದೆ. ಮೋಟಾರ್ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಮುಚ್ಚಳ ತೆಗೆದು ನೋಡಿದರೆ ಒಳಗೆ ಬೇಕಾದಷ್ಟು ನೀರಿದೆ! ಪಂಪಿಗೆ ಮೊದಲು ನೀರು ತುಂಬಿಸುವ ಪ್ರೈಮಿಂಗ್ ಬಿರಡೆ ಬಿಚ್ಚಿ ತಂಬಿಗೆಯಿಂದ ನೀರು ಸುರಿದದ್ದೂ ಆಯಿತು. ಪ್ರಯೋಜನವಿಲ್ಲ. ಶುಕ್ರವಾರ ಸಂಪ್ ತುಂಬಿದ ಕೂಡಲೇ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಎತ್ತುತ್ತದೆ.

ಪ್ಲಂಬರ್ ಬಂದು ಐದು ನಿಮಿಷ ನೋಡಿ, ಮೋಟಾರಿನ ಶಕ್ತಿ ಕುಂದಿದೆ, ಒಂದು ಎಚ್‌ಪಿಯದು ಹಾಕಿಸಿ ಎಂದರು. ಏಳು ಸಾವಿರದ ಮಾತು. ಮೋಟಾರಿಗೆ ಇನ್ನೂ ನಾಲ್ಕೇ ವರ್ಷ. ಹಾಕಿಸಲೇ?

ವೈಂಡಿಂಗ್ ಅಂಗಡಿ (ಭಾನುವಾರ, ಬೆಳಗ್ಗೆ 8:45)

ಹಾಕಿಸಬೇಡಿ ಸರ್. ಅಂಗಡಿಯವನಾಗಿ ನಾನೇ ಹೇಳುತ್ತಿದ್ದೇನೆ. ಮೋಟಾರ್ ಕೆಟ್ಟಿದ್ದರೆ ಶುಕ್ರವಾರವೂ ಎತ್ತಬಾರದಿತ್ತು. ವೈಂಡಿಂಗ್‌ಗೆ, ಅಂದರೆ ಒಳಗಿನ ತಂತಿಯ ಸುರುಳಿಗೆ, ವಾರದ ಲೆಕ್ಕ ಗೊತ್ತಿಲ್ಲ. ಫುಟ್‌ವಾಲ್ವ್ ನೋಡಿಸಿ, ಅಂದರೆ ಸಂಪಿನೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟ. ತೊಳೆಯುವಾಗ ಅದರ ನಾಲಿಗೆಗೆ ಮರಳೋ ನಾರೋ ಸಿಕ್ಕಿರುತ್ತದೆ.

ನೀರು ಬರದಿದ್ದಾಗ ಎಷ್ಟು ಹೊತ್ತು ಓಡಿಸುತ್ತೀರಿ? ಒಣ ಓಡಿಸಿದರೆ ಮೊದಲು ಹೋಗುವುದು ಮೆಕ್ಯಾನಿಕಲ್ ಸೀಲ್. ಅದು ಮೋಟಾರಿಗೂ ಪಂಪಿಗೂ ನಡುವೆ ಕೂತಿರುವ ಬಿಲ್ಲೆ, ನೀರಿನಿಂದಲೇ ತಂಪಾಗುವಂಥದ್ದು. ನೀರಿಲ್ಲದಿದ್ದರೆ ಉಜ್ಜಿ ಉಜ್ಜಿ ಸುಟ್ಟು ಬಿರಿಯುತ್ತದೆ. ಆಮೇಲೆ ಅಲ್ಲಿಂದ ನೀರು ತೊಟ್ಟಿಕ್ಕಿ ಬೇರಿಂಗಿಗೆ ಹೋಗುತ್ತದೆ, ಬೇರಿಂಗ್‌ನಿಂದ ವೈಂಡಿಂಗ್‌ಗೆ. ಆಗ ನಮ್ಮ ಅಂಗಡಿಗೆ ಬರುತ್ತೀರಿ.

ನಿವೃತ್ತ ಫಿಟ್ಟರ್ (ಭಾನುವಾರ, ಬೆಳಗ್ಗೆ 9:30)

ಔಷಧ ಹೇಳುವ ಮೊದಲು ನಾಡಿ ಹಿಡಿಯೋಣ. ನನಗೆ ಮೂರು ವಿಷಯ ಬೇಕು. ಒಂದು, ಸಂಪಿನ ಉದ್ದ, ಅಗಲ, ಆಳ. ಎರಡು, ಮೋಟಾರ್ ಇರುವ ಜಾಗ ಸಂಪಿನ ತಳದಿಂದ ಎಷ್ಟು ಎತ್ತರದಲ್ಲಿದೆ. ಮೂರನೆಯದು ಮುಖ್ಯವಾದದ್ದು: ನೀರು ನಿಂತ ಗಳಿಗೆಯಲ್ಲಿ ಸಂಪಿನಲ್ಲಿ ಎಷ್ಟು ಅಡಿ, ಎಷ್ಟು ಅಂಗುಲ ನೀರಿದೆ. ಅಂದಾಜು ಬೇಡ. ಉದ್ದನೆಯ ಒಣ ಕೋಲು ಇಳಿಸಿ, ಒದ್ದೆಯಾದಷ್ಟನ್ನು ಟೇಪಿನಿಂದ ಅಳೆಯಿರಿ. ಮೋಟಾರಿನ ಎಂಸಿಬಿ (ಅದರ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಕೆಳಗಿಳಿಸಿಯೇ ಮುಚ್ಚಳ ತೆಗೆಯಿರಿ. ಕಬ್ಬಿಣದ ಸಲಾಕೆ ಬೇಡ, ಮರದ್ದೇ ಇರಲಿ.

ಮೂರನೇ ಕ್ರಾಸ್ (ಭಾನುವಾರ, ಮಧ್ಯಾಹ್ನ 12:20)

ಸರ್ ಅಲ್ಲ, ಮೇಡಂ. ಪರವಾಗಿಲ್ಲ, ಮೋಟಾರ್ ಎಂದ ಕೂಡಲೇ ಎಲ್ಲರೂ ಹಾಗೆಯೇ ಬರೆಯುತ್ತಾರೆ.

ಸಂಪ್ ಆರು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಆಳ. ಮೋಟಾರ್ ತಳದಿಂದ ಸುಮಾರು ಒಂಬತ್ತು ಅಡಿ ಮೇಲಿದೆ. ಇವತ್ತು ಹನ್ನೊಂದಕ್ಕೆ ಹಾಕಿದೆ, ಎಂಟು ನಿಮಿಷಕ್ಕೆ ನೀರು ನಿಂತಿತು. ತೆಂಗಿನಕಾಯಿ ಕೀಳುವ ದೋಟಿ ಇಳಿಸಿ ಅಳೆದೆ. ಮೂರು ಅಡಿ ಒಂದು ಅಂಗುಲ.

ಫುಟ್‌ವಾಲ್ವ್ ವಿಷಯ ಹೇಳಿದ್ದಕ್ಕೆ ಪ್ಲಂಬರಿಗೆ ಫೋನ್ ಮಾಡಿದೆ. ನಾಳೆ ತಮ್ಮ ಹುಡುಗನನ್ನು ಕಳಿಸುತ್ತಾರಂತೆ. ಅವನು ಒಳಗಿಳಿದು ನಿಲ್ಲುತ್ತಾನೆ, ನೀವು ಮೋಟಾರ್ ಹಾಕಿ, ಗುಳ್ಳೆ ಎಲ್ಲಿ ಬರುತ್ತದೆಂದು ಅವನು ನೋಡುತ್ತಾನೆ ಎಂದರು.

ನಿವೃತ್ತ ಫಿಟ್ಟರ್ (ಭಾನುವಾರ, ಮಧ್ಯಾಹ್ನ 12:31)

ಮೇಡಂ, ಈಗಲೇ ಫೋನ್ ಮಾಡಿ ಆ ಹುಡುಗ ಬರುವುದು ಬೇಡವೆನ್ನಿ. ಮಿಕ್ಕದ್ದು ಆಮೇಲೆ.

ನೀರಿನಲ್ಲಿ ಮನುಷ್ಯ ನಿಂತಿರುವಾಗ ಆ ನೀರಿಗೆ ತಾಗಿದ ಪೈಪಿನ ಮೋಟಾರಿಗೆ ಕರೆಂಟ್ ಕೊಡುವುದೆಂದರೆ ಏನು? ಒದ್ದೆ ಮೈಯಲ್ಲಿ ಕರೆಂಟ್ ಹರಿಯಲು ತಡೆ ತುಂಬ ಕಡಿಮೆ. ಮೂವತ್ತು ಮಿಲಿ ಆಂಪಿಯರ್ ಸಾಕು, ಸ್ನಾಯು ಬಿಗಿದು ಉಸಿರು ಕಟ್ಟುತ್ತದೆ. ಮೇಲೆ ನಿಂತವರಿಗೆ ಅವನು ಮುಳುಗಿದ್ದಾನೋ ಷಾಕ್ ಹೊಡೆದಿದೆಯೋ ತಿಳಿಯುವುದಿಲ್ಲ, ಅವರೂ ಹಾರುತ್ತಾರೆ. ನಿಮ್ಮ ತೊಂದರೆ ಹುಡುಕಲು ಯಾರೂ ಸಂಪಿಗೆ ಇಳಿಯಬೇಕಾಗಿಯೇ ಇಲ್ಲ. ದೋಟಿಯಲ್ಲಿ ಅಳೆದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಸೆಂಟ್ರಿಂಗ್ ಹಲಗೆ (ಭಾನುವಾರ, ಮಧ್ಯಾಹ್ನ 1:15)

ಹಿರಿಯರು ಕರೆಂಟಿನ ಮಾತು ಹೇಳಿದರು. ನಾನು ಗಾಳಿಯ ಮಾತು ಸೇರಿಸುತ್ತೇನೆ. ಹತ್ತೊಂಬತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವನು ನಾನು.

ಹೊಸ ಸಂಪಿಗೆ ಹಲಗೆಯ ಆಸರೆ ಕೊಟ್ಟು ಕಾಂಕ್ರೀಟಿನ ಮೋಲ್ಡ್ ಹಾಕಿ, ಮುಚ್ಚಳ ಮುಚ್ಚಿ, ಎರಡು ಮೂರು ವಾರ ಬಿಟ್ಟು ಹಲಗೆ ಬಿಚ್ಚಲು ಆಳು ಇಳಿಯುತ್ತಾನೆ. ಒದ್ದೆ ಹಲಗೆ ಒಳಗೇ ಕೊಳೆತು ಇದ್ದ ಆಮ್ಲಜನಕವನ್ನೆಲ್ಲ ತಿಂದುಹಾಕಿರುತ್ತದೆ. ವಾಸನೆ ಇರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಯಾವ ಮುನ್ಸೂಚನೆಯೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದರಷ್ಟಿದೆ. ಅದು ಹತ್ತಕ್ಕಿಂತ ಕೆಳಗಿಳಿದರೆ ಮನುಷ್ಯ ಏಣಿಯ ಕೊನೆಯ ಮೆಟ್ಟಿಲಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಇಂಥ ಸುದ್ದಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಾಯುವುದು ಈ ಕಾರಣಕ್ಕೆ.

ಬಳಕೆಯಲ್ಲಿರುವ ಮನೆಯ ಸಂಪ್ ಅಷ್ಟು ಕ್ರೂರಿಯಲ್ಲ, ಒಪ್ಪಿದೆ. ಆದರೂ ತೊಳೆಸುವಾಗ ನೀರು ಪೂರ್ತಿ ತೆಗೆದು, ಮುಚ್ಚಳವನ್ನು ಗಂಟೆಗಟ್ಟಲೆ ತೆರೆದಿಟ್ಟು, ಟೇಬಲ್ ಫ್ಯಾನನ್ನು ದೂರದಲ್ಲಿಟ್ಟು ಒಳಗೆ ಗಾಳಿ ಬೀಸಿಸಿ. ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಬೇರೆ ಕೆಲಸವಿಲ್ಲದ ಇನ್ನೊಬ್ಬ. ಬ್ಲೀಚಿಂಗ್ ಪೌಡರನ್ನು ಒಳಗೆ ನಿಂತು ಉಜ್ಜಿಸಬೇಡಿ, ಅದರ ಘಾಟು ಮೇಲಕ್ಕೆ ಏರುವುದಿಲ್ಲ, ತಳದಲ್ಲೇ ಕೂರುತ್ತದೆ. ದೀಪ ಇಳಿಸಿ ನೋಡುವುದನ್ನೂ ನಂಬಬೇಡಿ. ಗಾಳಿಯಲ್ಲಿ ವಿಷವಿದ್ದರೂ ದೀಪ ಉರಿಯಬಲ್ಲದು.

ಎರಡನೇ ಮಹಡಿ (ಭಾನುವಾರ, ಸಂಜೆ 6:05)

ವಿಷಯಾಂತರಕ್ಕೆ ಕ್ಷಮೆ ಇರಲಿ. ನಮ್ಮ ಮನೆಯ ಮೋಟಾರ್ ಮುಟ್ಟಿದರೆ ಜುಂ ಎನ್ನುತ್ತದೆ. ಚಪ್ಪಲಿ ಹಾಕಿದ್ದರೆ ಏನೂ ಇಲ್ಲ. ಮಳೆ ಬಂದ ದಿನ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಇದು ಮಾಮೂಲೇ?

ಎಲ್ಲಕ್ಕೂ ಪರಿಹಾರ (ಭಾನುವಾರ, ಸಂಜೆ 6:20)

ಮಾಮೂಲು. ಆರ್‌ಸಿಸಿಬಿ ತೀರಾ ಸೂಕ್ಷ್ಮ. ನಮ್ಮ ಮನೆಯಲ್ಲಿ ಮೋಟಾರಿನ ಲೈನನ್ನು ಅದರಿಂದ ತಪ್ಪಿಸಿ ನೇರವಾಗಿ ಕೊಡಿಸಿದೆ. ಎರಡು ವರ್ಷದಿಂದ ಒಂದು ಸಲವೂ ಬಿದ್ದಿಲ್ಲ.

ವೈಂಡಿಂಗ್ ಅಂಗಡಿ (ಭಾನುವಾರ, ಸಂಜೆ 6:48)

ಬೀಳದೇ ಇರುವುದಕ್ಕೆ ಅದು ಲೈನಿನಲ್ಲೇ ಇಲ್ಲವಲ್ಲ ಸರ್! ನಾಯಿ ಬೊಗಳುತ್ತದೆಂದು ನಾಯಿಯನ್ನು ಮಾರಿ, ಎರಡು ವರ್ಷದಿಂದ ಕಳ್ಳ ಬಂದ ಸದ್ದೇ ಕೇಳಿಲ್ಲ ಎಂದ ಹಾಗಾಯಿತು.

ಎರಡನೇ ಮಹಡಿಯವರೇ, ಮೋಟಾರಿನ ಮೈಗೆ ಕರೆಂಟ್ ಸೋರುತ್ತಿದೆ, ಜೊತೆಗೆ ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ಸರಿಯಿಲ್ಲ. ಎರಡೂ ಇದ್ದಾಗ ಮಾತ್ರ ಜುಂ ಎನ್ನುತ್ತದೆ. ಈ ಕ್ಷಣವೇ ಎಂಸಿಬಿ ಇಳಿಸಿ, ಮೇಲೊಂದು ಚೀಟಿ ಅಂಟಿಸಿ. ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಟರ್ಮಿನಲ್ ಪೆಟ್ಟಿಗೆ ತೆಗೆಸಿ. ಮಳೆ ಬಂದಾಗ ಬೀಳುತ್ತದೆ ಎಂದರೆ ಅಲ್ಲೇ ನೀರು ಕೂತಿರಬಹುದು, ಪೆಟ್ಟಿಗೆಯ ರಬ್ಬರ್ ಹೋಗಿರಬಹುದು, ಇಲ್ಲವೇ ತೇಪೆ ಹಾಕಿದ ವೈರ್ ಒದ್ದೆಯಾಗಿರಬಹುದು. ಅದೆಲ್ಲ ಸರಿಯಿದ್ದರೆ ವೈರ್ ಬಿಚ್ಚಿ ಮೆಗರ್ (ಇನ್ಸುಲೇಷನ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಮೀಟರ್) ಹಾಕಬೇಕು. 500 ವೋಲ್ಟಿನ ಮೆಗರಿನಲ್ಲಿ ವೈಂಡಿಂಗ್‌ಗೂ ಮೈಗೂ ನಡುವೆ ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಆ ಮೋಟಾರನ್ನು ಓಡಿಸುವಂತಿಲ್ಲ. ತೇವವಿದ್ದರೆ ಒಣಗಿಸಿ ವಾರ್ನಿಷ್ ಮಾಡಿದರೆ ಬದುಕುತ್ತದೆ.

ಕೆಲವು ಕಡೆ ಅರ್ಥ್ ವೈರನ್ನು ನ್ಯೂಟ್ರಲ್‌ಗೇ ಸುತ್ತಿ ಕೈತೊಳೆದುಕೊಳ್ಳುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದ ದಿನ ಮೋಟಾರಿನ ಮೈ ಪೂರ್ತಿ 230 ವೋಲ್ಟಿಗೆ ಬರುತ್ತದೆ. ಆರ್‌ಸಿಸಿಬಿಯ ಮೇಲೆ ಪರೀಕ್ಷೆಯ ಗುಂಡಿ ಇದೆ, ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಬದಲಿಸಿ. ಮನೆಗೆ 30 ಮಿಲಿ ಆಂಪಿಯರಿನದೇ ಇರಬೇಕು, ದೊಡ್ಡದು ಬೇಡ.

ಸಪ್ತಾಪುರ (ಸೋಮವಾರ, ಬೆಳಗ್ಗೆ 7:30)

ಧಾರವಾಡದಿಂದ ಬರೆಯುತ್ತಿದ್ದೇನೆ. ವಾರಕ್ಕೆರಡು ಸಲ ನೀರು ಬರುತ್ತದೆ ಎಂದು ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಓಣಿಯಲ್ಲಿ ಒಮ್ಮೆ ಬಂದರೆ ಇನ್ನೊಂದು ಸಲ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುತ್ತೇವೆ. ಹಾಗಾಗಿ ಸಂಪ್ ದೊಡ್ಡದು, ಒಳಗೆ ನೀರಿನಲ್ಲೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪ್ ಇಳಿಬಿಟ್ಟಿದ್ದೇವೆ. ಪ್ರೈಮಿಂಗ್ ರಗಳೆಯಿಲ್ಲ, ಫುಟ್‌ವಾಲ್ವ್ ಇಲ್ಲ, ಸದ್ದಿಲ್ಲ.

ಅದರ ತಾಪತ್ರಯಗಳು ಬೇರೆ. ಎತ್ತುವಾಗ ಕೇಬಲ್ ಹಿಡಿದು ಎತ್ತಬಾರದು, ನೈಲಾನ್ ಹಗ್ಗ ಕಟ್ಟಿರಬೇಕು. ಕೇಬಲ್ ಎಳೆದರೆ ಅದು ಪಂಪಿನೊಳಗೆ ಹೋಗುವ ಜಾಗದಲ್ಲಿ ಸಡಿಲವಾಗಿ ನೀರು ನುಗ್ಗುತ್ತದೆ. ಕುಡಿಯುವ ನೀರಿಗೆ ಎಣ್ಣೆ ತುಂಬಿದ ಪಂಪ್ ತರಬೇಡಿ, ನೀರು ತುಂಬಿದ್ದನ್ನೇ ಕೇಳಿ ತನ್ನಿ. ನಮ್ಮ ಮೊದಲನೆಯದು ಎಣ್ಣೆಯದು. ಸೀಲ್ ಹೋಗಿ, ಒಂದು ಬೆಳಗ್ಗೆ ಬಕೆಟಿನ ನೀರಿನ ಮೇಲೆ ಕಾಮನಬಿಲ್ಲು ತೇಲುತ್ತಿತ್ತು. ಸಂಪನ್ನು ಮೂರು ಸಲ ತೊಳೆದೆವು. ಇನ್ನು, ಸಬ್‌ಮರ್ಸಿಬಲ್ ಇರುವ ಸಂಪಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ಎಲ್ಲಕ್ಕೂ ಪರಿಹಾರ (ಸೋಮವಾರ, ಬೆಳಗ್ಗೆ 8:00)

ಸಂಪೇ ಬೇಡ. ನೀರು ಬಂದಾಗ ನಲ್ಲಿಯ ಲೈನಿಗೇ ಮೋಟಾರ್ ಹಾಕಿ ಟ್ಯಾಂಕಿಗೆ ಎಳೆದುಬಿಡಿ.

ನಿವೃತ್ತ ಫಿಟ್ಟರ್ (ಸೋಮವಾರ, ಬೆಳಗ್ಗೆ 8:12)

ಅದು ನಿಷಿದ್ಧ, ಜಲಮಂಡಳಿಯವರು ಮೋಟಾರನ್ನೇ ಬಿಚ್ಚಿಕೊಂಡು ಹೋಗಬಹುದು. ಅದಕ್ಕಿಂತ ಮುಖ್ಯ, ಲೈನಿನಲ್ಲಿ ಒತ್ತಡ ಕಡಿಮೆಯಿದ್ದಾಗ ನೀವು ಎಳೆದರೆ ರಸ್ತೆಯಡಿಯ ಹಳೆಯ ಪೈಪಿನ ಬಿರುಕಿನಿಂದ ಚರಂಡಿಯ ನೀರೂ ಒಳಗೆ ಬರುತ್ತದೆ. ಕುಡಿಯುವವರು ಕೊನೆಯ ಮನೆಯವರು.

ಇವರ ಪರಿಹಾರಗಳನ್ನು ಓದುವವರು ಎಚ್ಚರದಿಂದ ಓದಬೇಕೆಂದು ಕೋರುತ್ತೇನೆ.

ಹಿಮದ ಹಿತ್ತಿಲು (ಸೋಮವಾರ, ಬೆಳಗ್ಗೆ 9:40)

ಅಮೆರಿಕದ ಮಿಷಿಗನ್‌ನಿಂದ. ಮೂಲತಃ ತುಮಕೂರು. ಇಲ್ಲಿಗೆ ಬಂದ ಹೊಸದರಲ್ಲಿ ಮನೆ ತೋರಿಸುತ್ತಿದ್ದವರು ನೆಲಮಾಳಿಗೆಯಲ್ಲಿ ಸಂಪ್ ಪಂಪ್ ಇದೆ ಎಂದಾಗ, ಇಲ್ಲಿಯೂ ನೀರು ಹಿಡಿದಿಡುತ್ತಾರಲ್ಲ ಎಂದು ಖುಷಿಪಟ್ಟೆ. ಇಣುಕಿ ನೋಡಿದರೆ ಮಂಡಿಯುದ್ದದ ಗುಂಡಿ, ತಳದಲ್ಲಿ ನಾಲ್ಕು ಬೆರಳು ಕೊಳಕು ನೀರು. ಇಲ್ಲಿನ ಸಂಪಿನ ಕೆಲಸ ನೀರು ಕೂಡಿಡುವುದಲ್ಲ, ನೆಲದಿಂದ ಒಸರುವ ನೀರನ್ನು ಮನೆಯಿಂದ ಹೊರಗೆ ಹಾಕುವುದು. ಅಲ್ಲಿ ಸಂಪ್ ತುಂಬಿದರೆ ನಿದ್ದೆ ಬರುತ್ತದೆ, ಇಲ್ಲಿ ತುಂಬಿದರೆ ನಿದ್ದೆ ಹೋಗುತ್ತದೆ.

ಬಿರುಗಾಳಿ ಮಳೆಯಲ್ಲೇ ಕರೆಂಟ್ ಹೋಗುವುದರಿಂದ ಬ್ಯಾಟರಿಯ ಎರಡನೇ ಪಂಪ್ ಇಟ್ಟುಕೊಂಡಿದ್ದೇವೆ. ವಸಂತಕ್ಕೆ ಮೊದಲು ಒಂದು ಬಕೆಟ್ ನೀರು ಗುಂಡಿಗೆ ಸುರಿದು, ಫ್ಲೋಟ್ ಎದ್ದು ಪಂಪ್ ತಾನಾಗಿ ಓಡುತ್ತದೆಯೇ ಎಂದು ನೋಡುತ್ತೇನೆ. ಹೊರಗಿನ ಪೈಪಿನ ಬಾಯಿ ಮಂಜುಗಟ್ಟಿದರೆ ನೀರು ಹೊರಗೆ ಹೋಗಲಾಗದೆ ಪಂಪ್ ಸುಮ್ಮನೆ ತಿರುಗಿ ಸುಡುತ್ತದೆ. ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ "ಬಂದ ನೀರನ್ನು ಕರೆಂಟ್ ಖರ್ಚು ಮಾಡಿ ಚೆಲ್ಲುತ್ತೀರಾ?" ಎಂದಷ್ಟೇ ಕೇಳಿದರು.

ನಿವೃತ್ತ ಫಿಟ್ಟರ್ (ಸೋಮವಾರ, ಬೆಳಗ್ಗೆ 11:00)

ಮೂರನೇ ಕ್ರಾಸ್ ಮೇಡಂ ಅವರಿಗೆ.

ಸಂಪಿನ ಲೆಕ್ಕ ನೋಡಿ. ಆರು ಅಡಿಗೆ ಆರು ಅಡಿ, ಮೂವತ್ತಾರು ಚದರ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು. ಅಂದರೆ ನಿಮ್ಮ ಸಂಪಿನಲ್ಲಿ ಒಂದು ಅಡಿ ಇಳಿದರೆ ಸಾವಿರ ಲೀಟರ್, ಸರಿಯಾಗಿ ಒಂದು ಟ್ಯಾಂಕ್. ಮೂರು ಅಡಿಯಲ್ಲಿ ನಿಂತರೆ ಮೂರು ಟ್ಯಾಂಕ್ ನೀರು ಒಳಗೇ ಕೈದಿಯಾಗಿ ಉಳಿಯುತ್ತದೆ.

ಇನ್ನು ಎಚ್‌ಪಿ ಹೆಚ್ಚಿಸುವ ಮಾತು. ಪಂಪ್ ನೀರನ್ನು ಕೆಳಗಿನಿಂದ ಎಳೆಯುವುದಿಲ್ಲ. ಅದು ಪೈಪಿನೊಳಗಿನ ಗಾಳಿ ಖಾಲಿ ಮಾಡುತ್ತದೆ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ದೂಡುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಹೊರುತ್ತದೆ. ಬೆಂಗಳೂರು ಒಂಬೈನೂರು ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಒಂಬತ್ತು ಚಿಲ್ಲರೆ. ತಿಕ್ಕಾಟ, ಸೋರಿಕೆ ಎಲ್ಲ ಕಳೆದು ಆರು ಮೀಟರ್ ಎಂದಿಟ್ಟುಕೊಳ್ಳಿ. ನಿಮ್ಮದು ತಳದಿಂದ ಲೆಕ್ಕ ಹಾಕಿದರೂ ಒಂಬತ್ತು ಅಡಿ, ಮೂರು ಮೀಟರೂ ಇಲ್ಲ. ಅರ್ಧ ಎಚ್‌ಪಿಗೆ ಅದು ಆಟ. ಹತ್ತು ಎಚ್‌ಪಿ ತಂದರೂ ವಾಯುಭಾರ ಹೆಚ್ಚುವುದಿಲ್ಲ.

ಹಾಗಾಗಿ ದೋಷ ಎಳೆಯುವ ಕಡೆಯ ಪೈಪಿನಲ್ಲಿದೆ, ಎಲ್ಲೋ ಗಾಳಿ ನುಗ್ಗುತ್ತಿದೆ. ಎಲ್ಲಿ ಎಂದು ಊಹಿಸಿದ್ದೇನೆ, ಈಗ ಹೇಳುವುದಿಲ್ಲ. ನಾಳೆ ಮಂಗಳವಾರ ಸಂಪ್ ತುಂಬಲಿ. ಗುರುವಾರ ನೀರು ನಿಂತ ಕೂಡಲೇ ಮತ್ತೆ ಅಳೆಯಿರಿ. ನಿಲ್ಲುವ ಮುಂಚೆ ತಾರಸಿಯಲ್ಲಿ ಯಾರಾದರೂ ನಿಂತು ಬೀಳುವ ನೀರಿನ ಬಣ್ಣ ನೋಡಲಿ. ನಿಂತ ಮೇಲೆ ಮೋಟಾರನ್ನು ಹತ್ತು ಎಣಿಸುವಷ್ಟು ಹೊತ್ತು ಮಾತ್ರ ಓಡಲು ಬಿಟ್ಟು, ಸಂಪಿನ ಮುಚ್ಚಳಕ್ಕೆ ಕಿವಿ ಕೊಡಿ. ಮುಚ್ಚಳ ಮುಚ್ಚಿಯೇ ಇರಲಿ.

ಅಲ್ಲಿಯವರೆಗೆ ಬಕೆಟ್ ಇಳಿಬಿಟ್ಟು ನೀರು ಸೇದುವುದಾದರೆ ಮಂಡಿಯೂರಿ ಕೂತು ಸೇದಿ, ಬಗ್ಗಿ ನಿಂತಲ್ಲ. ಮಕ್ಕಳು ಮನೆಯಲ್ಲಿದ್ದರೆ ಮುಚ್ಚಳ ಒಂದು ಕ್ಷಣವೂ ಖಾಲಿ ತೆರೆದಿರಬಾರದು.

ಕೆಳಗಿನ ಮನೆ (ಮಂಗಳವಾರ, ರಾತ್ರಿ 9:15)

ನಮ್ಮದು ಇನ್ನೊಂದು ಬಗೆ. ಸ್ವಿಚ್ ಹಾಕಿದರೆ ಹುಂ ಎನ್ನುತ್ತದೆ, ತಿರುಗುವುದಿಲ್ಲ. ಹಿಂದಿನ ಫ್ಯಾನಿಗೆ ಕಡ್ಡಿ ಕೊಟ್ಟು ತಿರುಗಿಸಿದರೆ ಹೊರಡುತ್ತದೆ.

ವೈಂಡಿಂಗ್ ಅಂಗಡಿ (ಮಂಗಳವಾರ, ರಾತ್ರಿ 9:40)

ಮೋಟಾರನ್ನು ಹೊರಡಿಸುವ ಕೆಪಾಸಿಟರ್ ಹೋಗಿದೆ. ಕಡ್ಡಿ ಕೊಡುವುದನ್ನು ಇವತ್ತಿಗೇ ನಿಲ್ಲಿಸಿ, ಆ ಫ್ಯಾನ್ ನಿಮಿಷಕ್ಕೆ 2,800 ಸುತ್ತಿಗೂ ಮೇಲೆ ತಿರುಗುತ್ತದೆ. ಬೆರಳು ಇದ್ದ ಜಾಗದಲ್ಲಿ ಇರುವುದಿಲ್ಲ. ಹಳೆಯದರ ಮೇಲೆ ಎಷ್ಟು ಮೈಕ್ರೊಫ್ಯಾರಡ್, ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ, ಅದೇ ಅಳತೆಯದು ತನ್ನಿ. ಹೆಚ್ಚಿನದು ಹಾಕಿದರೆ ಜೋರಾಗಿ ಎತ್ತುತ್ತದೆ ಎನ್ನುವುದು ಸುಳ್ಳು, ವೈಂಡಿಂಗ್ ಬಿಸಿಯಾಗುತ್ತದೆ. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಕೂತಿರುತ್ತದೆ, ಆದ್ದರಿಂದ ಅದನ್ನು ಕೆಲಸ ಬಲ್ಲವರೇ ಬದಲಿಸಲಿ.

ಕೈಯಿಂದ ತಿರುಗಿಸಿದರೂ ಬಿಗಿಯಿದ್ದರೆ ಅದು ಕೆಪಾಸಿಟರ್ ಅಲ್ಲ, ಪಂಪಿನೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ತುಕ್ಕಿಗೆ ಕಚ್ಚಿಕೊಂಡಿದೆ. ತಿಂಗಳುಗಟ್ಟಲೆ ಊರಿಗೆ ಹೋಗಿ ಬಂದವರ ಮನೆಗಳಲ್ಲಿ ಇದೇ ಕಥೆ. ವೋಲ್ಟೇಜನ್ನೂ ನೋಡಿ. 180ಕ್ಕೆ ಇಳಿದರೆ ಮೋಟಾರಿನ ಎಳೆತ 230ರಲ್ಲಿ ಇರುವುದರ ಹತ್ತರಲ್ಲಿ ಆರು ಪಾಲು ಮಾತ್ರ. ಸಂಜೆ ಏಳಕ್ಕೆ ಹೊರಡದ ಮೋಟಾರ್ ಬೆಳಗ್ಗೆ ಐದಕ್ಕೆ ಹೊರಟರೆ ದೋಷ ಮೋಟಾರಿನದಲ್ಲ.

ಮೂರನೇ ಕ್ರಾಸ್ (ಗುರುವಾರ, ಸಂಜೆ 5:50)

ಅಳತೆ: ಮೂರು ಅಡಿ ಒಂದು ಅಂಗುಲ! ದೋಟಿಯ ಮೇಲೆ ಭಾನುವಾರ ಸೀಮೆಸುಣ್ಣದಲ್ಲಿ ಗೀಚಿದ್ದ ಗೆರೆಯ ಮೇಲೆಯೇ ಒದ್ದೆ ನಿಂತಿತು.

ಮಗಳು ತಾರಸಿಯಲ್ಲಿ ನಿಂತಿದ್ದಳು. ನಿಲ್ಲುವುದಕ್ಕೆ ಸ್ವಲ್ಪ ಮೊದಲು ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತಂತೆ, ಆಮೇಲೆ ಪೈಪ್ ಉಗುಳುಗುಳಾಗಿ ಉಗುಳಿತಂತೆ. ನಾನು ಮುಚ್ಚಳಕ್ಕೆ ಕಿವಿ ಕೊಟ್ಟೆ. ಒಳಗಿನಿಂದ ಸುಯ್ ಎಂಬ ಸದ್ದು, ಕುಕ್ಕರಿನ ಸೀಟಿ ಬರುವ ಮುಂಚೆ ಬರುತ್ತದಲ್ಲ, ಹಾಗೆ. ಮೋಟಾರ್ ಆಫ್ ಮಾಡಿದ ಕೂಡಲೇ ಗುಳಕ್ ಎಂದು ನೀರು ಬಿದ್ದು ಸದ್ದು ನಿಂತಿತು.

ನಿವೃತ್ತ ಫಿಟ್ಟರ್ (ಗುರುವಾರ, ಸಂಜೆ 6:20)

ಸಿಕ್ಕಿತು. ಸಂಪಿನೊಳಗಿನ ಪೈಪ್ ತಳದಿಂದ ಮೂರು ಅಡಿ ಒಂದು ಅಂಗುಲದ ಎತ್ತರದಲ್ಲಿ ಸೀಳಿದೆ. ನೀರು ಅದರ ಮೇಲಿರುವಾಗ ಸೀಳಿನಿಂದ ನೀರೇ ಒಳಗೆ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮಟ್ಟ ಕೆಳಗಿಳಿದು ಸೀಳು ಹೊರಗೆ ಬಂದ ಕ್ಷಣ ಗಾಳಿ ನುಗ್ಗುತ್ತದೆ. ಗಾಳಿ ಕುಡಿಯುವುದು ಸುಲಭ, ಆರು ಅಡಿ ಕೆಳಗಿನ ನೀರನ್ನು ಎತ್ತುವುದು ಕಷ್ಟ. ಪಂಪ್ ಸುಲಭದ್ದನ್ನೇ ಮಾಡುತ್ತದೆ.

ಅಟ್ಟದ ಟ್ಯಾಂಕ್ (ಗುರುವಾರ, ಸಂಜೆ 6:45)

ಹಿರಿಯರು ತಪ್ಪು ತಿಳಿಯಬಾರದು. ಮೇಲಿನ ಯೂನಿಯನ್‌ನ (ಪೈಪನ್ನು ಬಿಚ್ಚಿ ಜೋಡಿಸುವ ಕೀಲಿನ) ವಾಷರ್ ಸಡಿಲವಾಗಿದ್ದರೂ ಮಟ್ಟ ಇಳಿದಂತೆ ಎಳೆತ ಹೆಚ್ಚಾಗಿ ಗಾಳಿ ಹಿಡಿಯಬಹುದಲ್ಲವೇ?

ನಿವೃತ್ತ ಫಿಟ್ಟರ್ (ಗುರುವಾರ, ಸಂಜೆ 7:00)

ಒಳ್ಳೆಯ ಪ್ರಶ್ನೆ. ನಾನೂ ಮೊದಲು ಅದನ್ನೇ ಯೋಚಿಸಿದ್ದೆ. ಯೂನಿಯನ್ ಆಗಿದ್ದರೆ ಸಂಪ್ ತುಂಬಿದ್ದಾಗಲೂ ನೀರಿನ ಜೊತೆ ಸ್ವಲ್ಪ ಗಾಳಿ ಬರುತ್ತಿತ್ತು, ಮಟ್ಟ ಇಳಿದಂತೆ ಧಾರೆ ಮೆಲ್ಲಗೆ ಸಣ್ಣದಾಗುತ್ತಿತ್ತು. ಒಂದು ದಿನ ಮೂರಡಿಗೆ ನಿಂತರೆ ಇನ್ನೊಂದು ದಿನ ಎರಡೂವರೆಗೆ ನಿಲ್ಲುತ್ತಿತ್ತು. ಇಲ್ಲಿ ಎರಡೂ ಸಲ ಒಂದೇ ಅಂಗುಲಕ್ಕೆ, ಚಾಕುವಿನಲ್ಲಿ ಕೊಯ್ದಂತೆ ನಿಂತಿದೆ. ಸುಯ್ ಸದ್ದೂ ಮುಚ್ಚಳದ ಒಳಗಿನಿಂದ ಬಂದಿದೆ.

ಮೇಡಂ, ಶುಕ್ರವಾರ ನೀರು ಬರುವ ಮುಂಚೆ ಮಾಡಿಸಿದರೆ ಒಳ್ಳೆಯದು. ಎಂಸಿಬಿ ಇಳಿಸಿ. ಪೈಪಿಗೆ ಹಗ್ಗ ಕಟ್ಟಿ, ತಪ್ಪಿ ಒಳಗೆ ಬಿದ್ದರೆ ತೆಗೆಯುವುದು ಕಷ್ಟ. ಮೇಲಿನ ಯೂನಿಯನ್ ಬಿಚ್ಚಿ, ಬಾಯಿಯಿಂದ ಪೈಪನ್ನು ಫುಟ್‌ವಾಲ್ವ್ ಸಮೇತ ನೇರವಾಗಿ ಮೇಲಕ್ಕೆ ಎತ್ತಿಸಿ. ಪಿವಿಸಿ ಪೈಪ್, ಒಳಗಿನ ನೀರು ಸೇರಿದರೂ ಹೆಚ್ಚು ಭಾರವಿಲ್ಲ. ಹೊರಗೆ ತಂದು ಗೋಡೆಗೆ ಒರಗಿಸಿ ನಿಲ್ಲಿಸಿ, ಮೇಲಿನಿಂದ ನೀರು ತುಂಬಿಸಿ. ತಳದಿಂದ ಸೋರಿದರೆ ಫುಟ್‌ವಾಲ್ವ್ ಕೆಟ್ಟಿದೆ, ನಡುವಿನಿಂದ ಸೋರಿದರೆ ನಾನು ಹೇಳಿದ್ದು ನಿಜ.

ಮೂರನೇ ಕ್ರಾಸ್ (ಶನಿವಾರ, ಬೆಳಗ್ಗೆ 10:30)

ನಡುವಿನಿಂದಲೇ ಸೋರಿತು.

ಬೇರೆ ಪ್ಲಂಬರ್ ಬಂದಿದ್ದರು, ವಯಸ್ಸಾದವರು. ನಾನು ಮೂರಡಿ ಒಂದು ಅಂಗುಲ ಎಂದಾಗ ನಕ್ಕರು. ಪೈಪ್ ಮೇಲೆ ಬಂತು. ಮೇಲಿನಿಂದ ತಂಬಿಗೆಯಲ್ಲಿ ನೀರು ಸುರಿದರೆ ಫುಟ್‌ವಾಲ್ವ್‌ನಿಂದ ಒಂದು ಹನಿಯೂ ಇಲ್ಲ. ಪೈಪಿನ ಎರಡು ತುಂಡು ಸೇರುವ ಕಪ್ಲರಿನ ಅಂಚಿನಿಂದ ನೀರು ದಾರದಂತೆ ಇಳಿಯತೊಡಗಿತು. ಸೀಳು ಕಣ್ಣಿಗೆ ಕಾಣುವುದಿಲ್ಲ, ಉಗುರು ಆಡಿಸಿದರೆ ಟಕ್ ಎಂದು ಸಿಗುತ್ತದೆ. ಫುಟ್‌ವಾಲ್ವ್‌ನ ಬುಡದಿಂದ ಅಳೆದಾಗ ಎರಡು ಅಡಿ ಏಳು ಅಂಗುಲ. ಫುಟ್‌ವಾಲ್ವ್ ತಳದಿಂದ ಆರು ಅಂಗುಲ ಮೇಲಿತ್ತು. ಕೂಡಿಸಿಕೊಳ್ಳಿ. ಅವರು ನಗುವುದನ್ನು ನಿಲ್ಲಿಸಿದರು.

ಜೋಡಣೆಯಿಲ್ಲದ ಒಂದೇ ಉದ್ದನೆಯ ಹೊಸ ಪೈಪ್ ಹಾಕಿಸಿದೆ. ಪೈಪ್, ಎಲ್ಬೋ, ಸೊಲ್ಯೂಷನ್, ಟೆಫ್ಲಾನ್ ಟೇಪ್, ಯೂನಿಯನ್‌ಗೆ ಹೊಸ ವಾಷರ್, ಅವರ ಕೂಲಿ ಎಲ್ಲ ಸೇರಿ 850 ರೂಪಾಯಿ. ಸೊಲ್ಯೂಷನ್ ಒಣಗಲೆಂದು ರಾತ್ರಿಯೆಲ್ಲ ಹಾಗೇ ಬಿಟ್ಟು ಇವತ್ತು ಬೆಳಗ್ಗೆ ಇಳಿಸಿದರು.

ಸೀಳಿದ್ದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಕಾಫಿ ಕುಡಿಯುತ್ತಾ ಅತ್ತೆಯವರು, "ತೊಳೆಯೋಕೆ ಬಂದಿದ್ದವನು ಮೇಲೆ ಹತ್ತುವಾಗ ಆ ಪೈಪನ್ನೇ ಹಿಡಿದುಕೊಂಡಿದ್ದನಲ್ಲ" ಎಂದರು. ಹದಿನೈದು ದಿನದಿಂದ ಅವರಿಗೆ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ವೈಂಡಿಂಗ್ ಅಂಗಡಿ (ಶನಿವಾರ, ಬೆಳಗ್ಗೆ 10:50)

ಫುಟ್‌ವಾಲ್ವ್ ಎಂದು ಮೊದಲು ಹೇಳಿದವನು ನಾನು. ತಪ್ಪಾಯಿತು. ಮೋಟಾರ್ ಮಾರಲಿಲ್ಲ ಎಂಬ ಪುಣ್ಯವಾದರೂ ಉಳಿಯಿತು.

ಎರಡನೇ ಮಹಡಿ (ಶನಿವಾರ, ಬೆಳಗ್ಗೆ 11:30)

ನಮ್ಮದರ ಫಲಿತಾಂಶವನ್ನೂ ಹೇಳಿಬಿಡುತ್ತೇನೆ. ಟರ್ಮಿನಲ್ ಪೆಟ್ಟಿಗೆಯಲ್ಲಿ ಇರುವೆ ಗೂಡು ಮತ್ತು ನೀರು. ಅರ್ಥ್ ವೈರ್ ಪೆಟ್ಟಿಗೆಯವರೆಗೆ ಬಂದು, ಯಾವುದಕ್ಕೂ ತಾಗದೆ ಸುರುಳಿ ಸುತ್ತಿಕೊಂಡು ಕೂತಿತ್ತು.

ಅಟ್ಟದ ಟ್ಯಾಂಕ್ (ಶನಿವಾರ, ಮಧ್ಯಾಹ್ನ 12:10)

ಇನ್ನು ಮುಂದೆ ಒಣ ಓಡದಂತೆ ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಬಹುದಲ್ಲ? ಮೇಲೆ ತುಂಬಿದರೆ ನಿಲ್ಲುತ್ತದೆ, ಕೆಳಗೆ ಖಾಲಿಯಾದರೂ ನಿಲ್ಲುತ್ತದೆ.

ನಿವೃತ್ತ ಫಿಟ್ಟರ್ (ಶನಿವಾರ, ಮಧ್ಯಾಹ್ನ 12:40)

ಹಾಕಿಸಲಿ, ಒಳ್ಳೆಯದೇ. ಆದರೆ ಇವರ ಪ್ರಕರಣದಲ್ಲಿ ಅದು ಕೈಕೊಡುತ್ತಿತ್ತು. ಕೆಳಗೆ ಮೂರಡಿ ನೀರಿದೆ, ಮೇಲೆ ಟ್ಯಾಂಕ್ ತುಂಬಿಲ್ಲ, ಆದ್ದರಿಂದ ಓಡಿಸೋಣ ಎಂದು ಅದು ರಾತ್ರಿಯಿಡೀ ಒಣ ಓಡಿಸುತ್ತಿತ್ತು. ಒಣ ಓಟವನ್ನು ಕರೆಂಟಿನ ಪ್ರಮಾಣ ನೋಡಿ ಹಿಡಿಯುವ ಬಗೆಯದು ಬೇಕು. ನೀರು ತಪ್ಪಿದರೆ ಮೋಟಾರ್ ಎಳೆಯುವ ಆಂಪಿಯರ್ ಇಳಿಯುತ್ತದೆ. ಸಂಪಿನೊಳಗೆ ಇಳಿಬಿಡುವ ಸೆನ್ಸರ್‌ಗೆ 230 ವೋಲ್ಟ್ ಹೋಗಬಾರದು, ಕಡಿಮೆ ವೋಲ್ಟೇಜಿನದೇ ಆಗಿರಬೇಕು. ಅಂಗಡಿಯಲ್ಲಿ ಕೇಳದೆ ತರಬೇಡಿ.

ಮೇಡಂ, ಕೊನೆಯ ಕೆಲಸ. ಟ್ಯಾಂಕಿಗೆ ಬೀಳುವ ಪೈಪಿನಡಿ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. ಆ ಸಂಖ್ಯೆ ಇದ್ದರೆ ಮುಂದೆ ಯಾವತ್ತು ಪಂಪ್ ಸೋತರೂ ಗೊತ್ತಾಗುತ್ತದೆ.

ಮೂರನೇ ಕ್ರಾಸ್ (ಶನಿವಾರ, ಸಂಜೆ 4:15)

ಹದಿನೈದು ಲೀಟರಿನ ಬಕೆಟ್, 22 ಸೆಕೆಂಡ್. ಮೂರು ಸಲ ಹಿಡಿದೆವು, ಮಗಳು ಮೊಬೈಲಿನಲ್ಲಿ ಎಣಿಸಿದಳು. ಖಾಲಿ ಟ್ಯಾಂಕ್ ತುಂಬಲು ಇಪ್ಪತ್ತೈದು ನಿಮಿಷ ಎಂದು ಅವಳದೇ ಲೆಕ್ಕ.

ನಿವೃತ್ತ ಫಿಟ್ಟರ್ (ಶನಿವಾರ, ಸಂಜೆ 4:20)

ಲೆಕ್ಕ ಸರಿಯಿದೆ. ಸ್ವಿಚ್ಚಿನ ಪಕ್ಕ ಗೋಡೆಯ ಮೇಲೆ ಬರೆದಿಡಿ. ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ?

ಮೂರನೇ ಕ್ರಾಸ್ (ಶನಿವಾರ, ಸಂಜೆ 4:32)

ಬರೆದಾಯಿತು, ಇವತ್ತಿನ ತಾರೀಖಿನ ಸಮೇತ. ಬೀಗ ನಿನ್ನೆಯೇ ತಂದೆ. ಒಂದು ಬೀಗದ ಕೈ ನನ್ನ ಬಳಿ, ಇನ್ನೊಂದು ಅತ್ತೆಯವರ ಸೆರಗಿನ ಗಂಟಿನಲ್ಲಿದೆ. ಇನ್ನು ಮುಂದೆ ಸಂಪ್ ತೊಳೆಯಲು ಬರುವವರಿಗೆ ಏಣಿಯನ್ನು ಅವರೇ ತಂದುಕೊಡುತ್ತಾರಂತೆ.